ಮೋಹಕ ಬಲೆ



ಹೋದ ಶುಕ್ರವಾರ ಉಪವಾಸ ಪ್ರಾರ್ಥನೆ ಮುಗಿದ ಮೇಲೆ ಬಿಟಿಎಂ ಲೇಔಟ್‌ನ ಪಿಜಿಯಲ್ಲಿರೋ ಒಬ್ಬ ತಮ್ಮ ಬಂದು ಕೇಳಿದ. (ಅವನನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ.) "ಪಾಸ್ಟರ್, ಒಬ್ಬ ಹುಡುಗಿ ಕಡೆ ಮನಸ್ಸು ಎಳೆಯುತ್ತೆ. ಎಲ್ಲಾ ಕೆಮಿಸ್ಟ್ರಿ ಅಂತಾರೆ. ಹಾಗಾದ್ರೆ ಇದರಲ್ಲಿ ನನ್ನ ತಪ್ಪೇನಿದೆ?" ಮೊದಲಾಗಿದ್ರೆ "ಪ್ರಾರ್ಥನೆ ಮಾಡು, ಆ ಆಸೆ ಹೋಗುತ್ತೆ" ಅಂತ ಕಳಿಸಿಬಿಡ್ತಿದ್ದೆ. ಎಷ್ಟೋ ಜನರನ್ನ ಹಾಗೆ ಕಳಿಸಿದ್ದೀನಿ. ಈ ಸಲ ಬಾಯಿ ಬರಲಿಲ್ಲ.

ರೇಷ್ಮೆ ಪತಂಗ ನೋಡಿ. ರಾಮನಗರ ನಮಗೇನು ದೂರವಲ್ಲ. ನೂಲು ತೆಗೆಯೋ ಗೂಡುಗಳೊಳಗಿನ ಹುಳು ಅಲ್ಲೇ ಸಾಯುತ್ತೆ. ಮೊಟ್ಟೆಗೆ ಅಂತ ಇಟ್ಟ ಬಿತ್ತನೆ ಗೂಡಿನಿಂದ ಮಾತ್ರ ಪತಂಗ ಹೊರಗೆ ಬರುತ್ತೆ. ರೆಕ್ಕೆ ಇದ್ದರೂ ಹಾರಲಾರದು, ಏನೂ ತಿನ್ನೋದಿಲ್ಲ, ಬದುಕೋದು ಕೆಲವೇ ದಿನ. ಹೆಣ್ಣು ಕೂತಲ್ಲೇ ಹೊಟ್ಟೆಯ ತುದಿಯ ಗ್ರಂಥಿ ಚಾಚಿ ವಾಸನೆ ಬಿಡುತ್ತೆ. ಗಂಡಿನ ಬಾಚಣಿಗೆಯಂಥ ಮೀಸೆಗೆ ಅದು ತಾಕಿದ್ದೇ ತಡ, ರೆಕ್ಕೆ ಬಡಿಯುತ್ತಾ ಅಂಕುಡೊಂಕಾಗಿ ಆ ಕಡೆ ನಡೆಯುತ್ತೆ. ಜರ್ಮನಿಯ ಬ್ಯುಟೆನಾಂಟ್ ಎಂಬ ವಿಜ್ಞಾನಿ 1959ರಲ್ಲಿ ಆ ವಾಸನೆ ಏನೆಂದು ಗುರುತಿಸಿದರು. ಅದಕ್ಕೆ ಸುಮಾರು 5 ಲಕ್ಷ ಹೆಣ್ಣು ಪತಂಗ ಬೇಕಾಯ್ತು! ಅದರ ಹೆಸರು ಬಾಂಬಿಕೋಲ್. ಒಂದು ಕಾಗದಕ್ಕೆ ಅದನ್ನ ಸವರಿಟ್ಟರೆ ಸಾಕು, ಗಂಡು ಬಂದು ಆ ಕಾಗದವನ್ನೇ ಸುತ್ತುತ್ತೆ.

ಬದನೆ ಹೊಲದಲ್ಲಿ ರೈತರು ಕಟ್ಟೋ ಮೋಹಕ ಬಲೆಯೂ ಇದೇ ಲೆಕ್ಕ. ಪತಂಗ ಬೇರೆ, ವಾಸನೆ ಬೇರೆ. ಕಾಯಿ ಕೊರೆಯೋ ಹುಳುವಿನ ಗಂಡು ಪತಂಗ ರಾತ್ರಿ ಬಂದು ಅದರಲ್ಲಿ ಬೀಳುತ್ತೆ. ರೈತನಿಗೆ ಒಳ್ಳೇದೇ, ಜಯನಗರ ಕಾಂಪ್ಲೆಕ್ಸ್‌ನಲ್ಲಿ ಬದನೆಕಾಯಿ ಕೊಳ್ಳೋ ನಮಗೂ ಒಳ್ಳೇದೇ. ಆದರೆ ಪತಂಗದ ಆಸೆ ಸುಳ್ಳಾಗಿರಲಿಲ್ಲ. ವಾಸನೆಯ ಹಿಂದೆ ಯಾರೂ ಇರಲಿಲ್ಲ, ಅಷ್ಟೇ.

ಆ ತಮ್ಮನಿಗೆ ಹೇಳಿದೆ: ಆಸೆ ಇಟ್ಟವನು ದೇವರು, ಅದಕ್ಕೆ ನಾಚಬೇಡ. ಆದರೆ ನಿಂತು ಯೋಚಿಸೋ ಶಕ್ತಿ ಪತಂಗಕ್ಕಿಲ್ಲ, ನಿನಗಿದೆ. ಹಾಗಾಗಿ ಕೆಮಿಸ್ಟ್ರಿ ಮೇಲೆ ಎಲ್ಲಾ ಹಾಕಿ ನೀನು ಜಾರಿಕೊಳ್ಳೋ ಹಾಗಿಲ್ಲ. ಆ ಹುಡುಗಿಗೂ ಒಂದು ಮನಸ್ಸಿದೆ. ಅವಳ ಹತ್ತಿರ ಮಾತಾಡಿದ್ದೀಯಾ?

ತುಂಬಾ ಹೊತ್ತು ಸುಮ್ಮನಿದ್ದ. "ಇಲ್ಲ ಪಾಸ್ಟರ್. ರಾತ್ರಿ ಇನ್‌ಸ್ಟಾದಲ್ಲಿ ಫೋಟೋ ನೋಡ್ತಾ ಕೂತಿರ್ತೀನಿ."

"ಮೊದಲು ಮಾತಾಡು."

"ಬೇಡ ಅಂದ್ರೆ?"

"ಸರಿ ಅಂತ ಹೇಳಿ ಬಂದುಬಿಡು. ಆಮೇಲೆ ನನ್ನ ಜೊತೆ ಕಾಫಿಗೆ ಬಾ."

ಇನ್ನೂ ಬಂದಿಲ್ಲ. ಎದ್ದು ನಿಲ್ಲಿ, ಪ್ರಾರ್ಥಿಸೋಣ.