ರಾಮನ್ ಮತ್ತು ಬಾರ್ನ್: ಸತ್ಯಕ್ಕೆ ತಗಲಿದ ವಿಳಂಬ

ಭೌತವಿಜ್ಞಾನದಲ್ಲಿ ಯಾರು ಹೇಳಿದರು ಎಂಬುದಕ್ಕೆ ಬೆಲೆಯಿಲ್ಲ, ಪ್ರಯೋಗ ಏನು ಹೇಳಿತು ಎಂಬುದಷ್ಟೇ ಮುಖ್ಯ ಎಂದು ಮಕ್ಕಳಿಗೆ ಕಲಿಸುತ್ತೇವೆ. ಕೊನೆಯ ತೀರ್ಪಿನ ಮಟ್ಟಿಗೆ ಈ ಮಾತು ನಿಜ. ಆದರೆ ಆ ತೀರ್ಪು ಎಷ್ಟು ತಡವಾಗಿ ಬರುತ್ತದೆ, ಅಷ್ಟರಲ್ಲಿ ಯಾರ ದುಡಿಮೆ ಅಡ್ಡದಾರಿ ಹಿಡಿಯುತ್ತದೆ ಎಂಬುದರಲ್ಲಿ ವಿಜ್ಞಾನಿಗಳ ಸ್ವಭಾವಕ್ಕೂ ಅವರು ಬೆಳೆದುಬಂದ ದಾರಿಗೂ ದೊಡ್ಡ ಪಾಲಿದೆ. ಇದಕ್ಕೆ ಸಾಕ್ಷಿ ಬೆಂಗಳೂರಿನಲ್ಲೇ ಇದೆ.

1933ರಲ್ಲಿ ಎರಡು ಘಟನೆಗಳು ನಡೆದವು. ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ, ಮೊದಲ ಭಾರತೀಯ ನಿರ್ದೇಶಕರಾದರು. ಅದೇ ವರ್ಷ ಜರ್ಮನಿಯ ಗಟಿಂಗೆನ್‌ನಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಯೆಹೂದಿ ಎಂಬ ಕಾರಣಕ್ಕೆ ಹುದ್ದೆ ಕಳೆದುಕೊಂಡರು. ರಾಮನ್ ಕರೆದರು, ಬಾರ್ನ್ 1935ರಲ್ಲಿ ಹೆಂಡತಿಯೊಂದಿಗೆ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳು ಇದ್ದರು. ಇಲ್ಲಿನ ತರುಣ ನಾಗೇಂದ್ರನಾಥರ ಜೊತೆ ಸೇರಿ ಸಂಶೋಧನಾ ಲೇಖನವನ್ನೂ ಬರೆದರು. ಬಾರ್ನ್‌ ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಹಟ ಹಿಡಿದರು. ಆ ಪ್ರಸ್ತಾಪ ಸಂಸ್ಥೆಯ ಸಭೆಗೆ ಬಂದಾಗ ಆಸ್ಟನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದುನಿಂತು, ತನ್ನ ದೇಶದಿಂದಲೇ ಹೊರದಬ್ಬಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕುಳಿತಿದ್ದರು. ಮನೆಗೆ ಹೋಗಿ ಅತ್ತೆ ಎಂದು ಅವರೇ ಬರೆದುಕೊಂಡಿದ್ದಾರೆ. 1936ರಲ್ಲಿ ಅವರು ಎಡಿನ್‌ಬರೋ ಸೇರಿದರು. ಮರುವರ್ಷ ರಾಮನ್ ಕೂಡ ನಿರ್ದೇಶಕ ಸ್ಥಾನ ಬಿಟ್ಟುಕೊಡಬೇಕಾಯಿತು.

ಇಲ್ಲಿಯವರೆಗೆ ರಾಮನ್ ನಡೆದುಕೊಂಡ ರೀತಿ ಉದಾತ್ತವಾದದ್ದು. ಆದರೆ 1940ರ ದಶಕದಲ್ಲಿ ಇದೇ ಇಬ್ಬರು ಹರಳುಗಳ ವಿಷಯದಲ್ಲಿ ಎದುರುಬದುರಾದರು. ಹರಳಿನೊಳಗಿನ ಪರಮಾಣುಗಳ ಕಂಪನಗಳು ಎಡೆಬಿಡದೆ ಹರಡಿದ ಆವರ್ತನಗಳ ಪಟ್ಟಿಯಾಗಿರುತ್ತವೆ ಎಂಬುದು 1912ರಿಂದಲೂ ಬಾರ್ನ್ ಕಟ್ಟಿದ ಸಿದ್ಧಾಂತ. ಅದು ಬುಡದಲ್ಲೇ ತಪ್ಪು, ಹರಳು ಕಂಪಿಸುವುದು ಕೆಲವೇ ನಿರ್ದಿಷ್ಟ ಆವರ್ತನಗಳಲ್ಲಿ ಎಂದರು ರಾಮನ್. ಅವರ ಬಳಿ ವಜ್ರದ ರೋಹಿತಗಳಿದ್ದವು. ಅವುಗಳಲ್ಲಿ ಚೂಪಾದ ಗೆರೆಗಳು ಕಂಡಿದ್ದವು. ಆ ಗೆರೆಗಳನ್ನು ತಮ್ಮ ಸಿದ್ಧಾಂತದಿಂದಲೇ ವಿವರಿಸಬಹುದೆಂದು ಬಾರ್ನ್ ಮತ್ತು ಅವರ ಶಿಷ್ಯೆ ಹೆಲೆನ್ ಸ್ಮಿತ್ ಲೆಕ್ಕ ಹಾಕಿ ತೋರಿಸಿದರು. ರಾಮನ್ ಒಪ್ಪಲಿಲ್ಲ.

ಯಾಕೆ ಒಪ್ಪಲಿಲ್ಲ? ಅಹಂಕಾರ ಎಂದು ಒಂದೇ ಪದದಲ್ಲಿ ಹೇಳಿ ಮುಗಿಸುವವರಿದ್ದಾರೆ. ನನಗೆ ಆ ಉತ್ತರ ಸಾಲದು. ರಾಮನ್ ಹಣಕಾಸು ಇಲಾಖೆಯ ನೌಕರಿ ಮಾಡುತ್ತಲೇ ಕಲ್ಕತ್ತೆಯಲ್ಲಿ ಕಚೇರಿಯ ಹೊತ್ತಿನ ಆಚೀಚೆ ಪ್ರಯೋಗ ನಡೆಸಿದವರು. ಯಾವ ಗುರುವೂ ಅವರ ಕೈಹಿಡಿದು ನಡೆಸಲಿಲ್ಲ. ಸರಳ ಉಪಕರಣಗಳನ್ನೂ ಸ್ವಂತ ಕಣ್ಣನ್ನೂ ನಂಬಿ 1930ರ ನೊಬೆಲ್ ಗೆದ್ದವರು. ಆಳುವವರ ಪಾಂಡಿತ್ಯಕ್ಕೆ ತಲೆಬಾಗದೆ ಇದ್ದುದರಿಂದಲೇ ಅವರು ಗೆದ್ದದ್ದು. ಬಾರ್ನ್ ಬೆಳೆದದ್ದು ಪ್ರಾಧ್ಯಾಪಕರ ಮನೆಯಲ್ಲಿ. ಪಳಗಿದ್ದು ಗಣಿತಜ್ಞ ಹಿಲ್ಬರ್ಟ್‌ ಅವರ ಬಳಿ ಸಹಾಯಕರಾಗಿ. ಹೈಸನ್‌ಬರ್ಗ್, ಪೌಲಿಯಂಥ ಕಿರಿಯರು ಎದುರು ಮಾತಾಡುವುದು ಅವರಿಗೆ ದಿನನಿತ್ಯದ ಸಂಗತಿ. ಗೆರೆ ಕಣ್ಣಿಗೆ ಕಾಣುತ್ತಿರುವಾಗ ಸಮೀಕರಣ ಅಡ್ಡಬಂದರೆ ಸಮೀಕರಣವನ್ನೇ ಅನುಮಾನಿಸುವುದು ರಾಮನ್‌ಗೆ ಸಹಜವಾಗಿತ್ತು. ಅವರನ್ನು ಮೇಲೆತ್ತಿದ ಗುಣವೇ ಇಲ್ಲಿ ಅವರ ದಾರಿಗೆ ಅಡ್ಡವಾಯಿತು.

ಬಾರ್ನ್‌ ಅವರಿಗೆ ಐನ್‌ಸ್ಟೈನ್‌ ಜೊತೆಗೂ ದಶಕಗಳ ಭಿನ್ನಾಭಿಪ್ರಾಯವಿತ್ತು. ಕ್ವಾಂಟಂ ಸಿದ್ಧಾಂತಕ್ಕೆ ಬಾರ್ನ್ ಕೊಟ್ಟ ಸಂಭವನೀಯತೆಯ ಅರ್ಥವನ್ನು ಐನ್‌ಸ್ಟೈನ್ ಕೊನೆಯವರೆಗೂ ಅಂತಿಮವೆಂದು ಒಪ್ಪಲಿಲ್ಲ. ಆದರೂ 1955ರಲ್ಲಿ ಐನ್‌ಸ್ಟೈನ್ ತೀರಿಕೊಳ್ಳುವವರೆಗೆ ಅವರ ಪತ್ರವ್ಯವಹಾರ ನಿಲ್ಲಲಿಲ್ಲ. ಇಬ್ಬರದೂ ಒಂದೇ ಭಾಷೆ, ಒಂದೇ ಕಾಲದ ದೇಶಭ್ರಷ್ಟತೆ. ಒಟ್ಟಿಗೆ ಕುಳಿತು ಪಿಟೀಲು, ಪಿಯಾನೊ ನುಡಿಸಿದ ನೆನಪು ಬೇರೆ. ರಾಮನ್ ಮತ್ತು ಬಾರ್ನ್ ನಡುವೆ ಹಾಗೆ ಬೆಸುಗೆಯಾಗಲು ಆರು ತಿಂಗಳು ಸಾಲಲಿಲ್ಲ. ಮೊದಲು ಒಬ್ಬರು ಆಶ್ರಯ ಕೊಟ್ಟವರು, ಇನ್ನೊಬ್ಬರು ಪಡೆದವರು. ಸಮಾನರಾಗಿ ನಿಂತಾಗ ನಡುವೆ ಸಾಗರವಿತ್ತು.

ಪ್ರಯೋಗವೇ ಕೊನೆಗೆ ಉತ್ತರಿಸಿತಲ್ಲ, ಈ ಕಥೆಯೆಲ್ಲ ಯಾಕೆ ಎಂದು ಕೇಳಬಹುದು. ಉತ್ತರಿಸಿದ್ದು ಹೌದು. 1950ರ ದಶಕದಲ್ಲಿ ಕೆನಡಾದ ಭೌತವಿಜ್ಞಾನಿ ಬ್ರಾಕ್‌ಹೌಸ್ ನ್ಯೂಟ್ರಾನ್‌ಗಳಿಂದ ಹರಳಿನ ಕಂಪನಗಳನ್ನು ನೇರವಾಗಿ ಅಳೆಯತೊಡಗಿದರು. ಗೆದ್ದದ್ದು ಬಾರ್ನ್ ಸಿದ್ಧಾಂತ. ಆದರೆ ಅಷ್ಟರಲ್ಲಿ ಬೆಂಗಳೂರಿನ ಎಷ್ಟೋ ಪ್ರತಿಭಾವಂತ ತರುಣರ ಶ್ರಮ ಗುರುವಿನ ಸಿದ್ಧಾಂತದ ಬೆಂಬಲಕ್ಕೆ ಹೋಗಿತ್ತು. ಲೇಖನಗಳು ಬಹುಪಾಲು ಅಚ್ಚಾಗುತ್ತಿದ್ದುದು ರಾಮನ್ ಅವರೇ 1934ರಲ್ಲಿ ಸ್ಥಾಪಿಸಿದ ಅಕಾಡೆಮಿಯ ಪತ್ರಿಕೆಯಲ್ಲಿ. ಪಕ್ಕದ ಕೋಣೆಯಿಂದ ಬಂದು, ಇದು ತಪ್ಪು ಎಂದು ಹೇಳಬಲ್ಲ ಸರಿಸಮಾನರು ಅಲ್ಲಿರಲಿಲ್ಲ. ಆ ಕೋಣೆಯಲ್ಲಿ ಇರಬಹುದಾಗಿದ್ದವರನ್ನೇ ಆಸ್ಟನ್ ಮಾತಾಡಿದ ಆ ಸಭೆ ಕಳೆದುಕೊಂಡಿತ್ತು. ಬಾರ್ನ್ ಇದ್ದಿದ್ದರೆ ಜಗಳ ಆಗುತ್ತಿರಲಿಲ್ಲ ಎನ್ನಲಾರೆ. ಬಹುಶಃ ಇನ್ನೂ ಬೇಗ ಆಗುತ್ತಿತ್ತು, ಶಿಷ್ಯರ ಕಿವಿಗೆ ಎರಡೂ ಪಕ್ಷ ಬೀಳುತ್ತಿತ್ತು.

ಪ್ರತಿವರ್ಷ ಫೆಬ್ರವರಿ 28ರಂದು ನಮ್ಮ ಶಾಲೆಗಳು ರಾಮನ್ ಪರಿಣಾಮವನ್ನು ಸ್ಮರಿಸುತ್ತವೆ. ಆ ದಿನ ಮಕ್ಕಳಿಗೆ ಹರಳುಗಳ ವಿವಾದವನ್ನೂ ಹೇಳಿ, ಬಾರ್ನ್ ಹೆಸರನ್ನೂ ಹೇಳಿ ಎಂದು ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ. ಇದರಿಂದ ರಾಮನ್ ಚಿಕ್ಕವರಾಗುವುದಿಲ್ಲ.