ಗಣಾಚಾರವೂ ಭೃತ್ಯಾಚಾರವೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಎಷ್ಟೋ ಮನೆಗಳ ಮಕ್ಕಳು ಇಂದು ಉದ್ಯೋಗನಿಮಿತ್ತ ಬೆಂಗಳೂರಿನಲ್ಲಿದ್ದಾರೆ. 2024ರ ಮಾರ್ಚ್ 1ರಂದು ಅಲ್ಲಿಯ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿದಾಗ ಈ ಊರುಗಳ ತಾಯಂದಿರ ಎದೆಯೂ ನಡುಗಿತು. ಮರುತಿಂಗಳು ರಾಷ್ಟ್ರೀಯ ತನಿಖಾ ದಳವು ಆರೋಪಿಗಳನ್ನು ಬಂಧಿಸಿತು. ಇಲ್ಲಿ ಒಂದು ಧರ್ಮಜಿಜ್ಞಾಸೆ ಏಳುತ್ತದೆ: ಭಯೋತ್ಪಾದಕರನ್ನು ಹಿಡಿದ ಮೇಲೆಯೂ ಸರ್ಕಾರವು ಬಹಿರಂಗ ವಿಚಾರಣೆ ನಡೆಸಬೇಕೆ? ಅದು ಶತ್ರುವಿಗೆ ನಮ್ಮ ಗೋಡೆಯ ಬಿರುಕನ್ನು ತೋರಿಸಿಕೊಟ್ಟಂತಾಗದೆ?

ನಮ್ಮ ಪಂಚಾಚಾರಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ಅನ್ಯಾಯವನ್ನು ಸಹಿಸದಿರುವುದು ಗಣಾಚಾರ. ತಾನು ಸೇವಕನೆಂದರಿತು ಬಾಗಿ ನಡೆಯುವುದು ಭೃತ್ಯಾಚಾರ. ಅಪರಾಧಿಯನ್ನು ದಂಡಿಸುವಾಗ ಪ್ರಭುತ್ವವು ಗಣಾಚಾರವನ್ನು ಪಾಲಿಸುತ್ತದೆ. ಆದರೆ ಪ್ರಜೆಯ ಪ್ರಾಣವನ್ನು ಕಾಯುವೆನೆಂದು ಮಾತುಕೊಟ್ಟ ಸೇವಕನು, ಕಾಯಲಾರದೆ ಹೋದಾಗ ಲೆಕ್ಕ ಒಪ್ಪಿಸಬೇಡವೆ? ಅದು ಭೃತ್ಯಾಚಾರ. ನ್ಯಾಯಾಲಯವು ಆರೋಪಿಯ ತಪ್ಪನ್ನು ಅಳೆಯುತ್ತದೆ. ಕಾವಲಿನವನ ತಪ್ಪನ್ನು ಅಳೆಯುವುದಕ್ಕೆ ವಿಚಾರಣೆಯೇ ಬೇಕು.

ರಾಜೀವ್ ಗಾಂಧಿಯವರು 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಹತರಾದರು. ಸಂಚಿನ ಪ್ರಮುಖನಾದ ಶಿವರಾಸನ್ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಸಂಗಡಿಗರೊಡನೆ ಸತ್ತನು. ಸತ್ತವರಿಂದ ಯಾವ ನ್ಯಾಯಾಲಯವೂ ಹೇಳಿಕೆ ಪಡೆಯಲಾರದು. ಭದ್ರತೆಯ ಲೋಪವೆಲ್ಲಿ ಎಂಬುದನ್ನು ವಿಚಾರಿಸಿದ ವರ್ಮಾ ಆಯೋಗವು 1992ರಲ್ಲಿಯೇ ವರದಿ ಒಪ್ಪಿಸಿತು. ಸಂಚಿನ ಹಿಂದಿದ್ದವರನ್ನು ಅರಸಿದ ಜೈನ್ ಆಯೋಗದ ಅಂತಿಮ ವರದಿ ಬಂದುದು 1998ರಲ್ಲಿ. ಅದಕ್ಕೆ ಮೊದಲೇ, 1997ರಲ್ಲಿ, ಅದರ ಮಧ್ಯಂತರ ವರದಿಯ ನೆಪದಲ್ಲಿ ಕಾಂಗ್ರೆಸ್ ಬೆಂಬಲ ಹಿಂತೆಗೆದುಕೊಂಡು ಗುಜ್ರಾಲ್ ಸರ್ಕಾರ ಉರುಳಿತು. ವಿಚಾರಣೆಯು ಕನ್ನಡಿಯೂ ಆಗಬಲ್ಲುದು, ಕತ್ತಿಯೂ ಆಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗೆಂದು ಕನ್ನಡಿಯನ್ನೇ ಒಡೆಯುವುದು ವಿವೇಕವಲ್ಲ. ಗೂಢಚರ್ಯೆಯ ರಹಸ್ಯಗಳು ಮುಚ್ಚಿದ ಬಾಗಿಲೊಳಗೆ ಉಳಿಯಲಿ; ಆದರೆ ಅಧಿಕಾರಸ್ಥರ ಮುಜುಗರವನ್ನು ರಹಸ್ಯವೆಂದು ಕರೆಯಬಾರದು. 1952ರ ವಿಚಾರಣಾ ಆಯೋಗಗಳ ಕಾಯಿದೆಯು, ವರದಿಯನ್ನು ಕೈಗೊಂಡ ಕ್ರಮದ ವಿವರದೊಡನೆ ಆರು ತಿಂಗಳೊಳಗೆ ಸದನದ ಮುಂದಿಡಬೇಕೆಂದು ವಿಧಿಸಿದೆ. ಕಪಾಟಿನಲ್ಲಿ ಧೂಳು ತಿನ್ನುವ ವರದಿಯು ಮಡಿದವರಿಗೆ ಎರಡನೆಯ ಸಾವು.

ನಿತ್ಯವೂ ಲಿಂಗಪೂಜೆಗೆ ಕುಳಿತಾಗ ನಾವು ನೆರೆಯವನ ದೋಷವನ್ನು ಎಣಿಸುವುದಿಲ್ಲ, ನಮ್ಮದನ್ನು ಎಣಿಸುತ್ತೇವೆ. ಮಗನನ್ನು ಕಳೆದುಕೊಂಡ ತಾಯಿ ಕೇಳುವ ಮೊದಲ ಪ್ರಶ್ನೆ ‘ಕೊಂದವರಾರು?’ ಎಂಬುದು, ಎರಡನೆಯದು ‘ಉಳಿಸಬಹುದಾಗಿತ್ತೆ?’ ಎಂಬುದು. ಮೊದಲನೆಯದಕ್ಕೆ ಮಾತ್ರ ಉತ್ತರಿಸಿ ಎದ್ದುಹೋಗುವ ಪ್ರಭುತ್ವವು ಅರ್ಧ ಧರ್ಮವನ್ನಷ್ಟೇ ಪಾಲಿಸಿದೆ.