ದಂಡಿಗೆ ಹೋದವನ ಹೆಸರನ್ನು ಹುಡುಕುವದು



ಎಜ್ರನ ಗ್ರಂಥದ ಎರಡನೆಯ ಅಧ್ಯಾಯವನ್ನು ಅನೇಕರು ಬರೀ ಹೆಸರುಗಳ ಪಟ್ಟಿಯೆಂದೆಣಿಸಿ ಓದದೆ ದಾಟಿಬಿಡುವರು. ಆದರೆ ಬಾಬೆಲಿನ ಸೆರೆಯಿಂದ ತಿರಿಗಿ ಬಂದವರಲ್ಲಿ ಕೆಲವು ಮನೆತನದವರು ತಮ್ಮ ವಂಶಾವಳಿಯ ಪತ್ರವನ್ನು ಹುಡುಕಿ ಕಾಣದೆಹೋದರೆಂಬದು ಅಲ್ಲಿಯೇ ಬರೆದಿರುವದು. ಅವರಿಗೆ ಯಾಜಕೋದ್ಯೋಗವು ಸಿಕ್ಕಲಿಲ್ಲ. ಆದರೂ ಊರಿಗೆ ಬಂದವರ ಗುಂಪಿನಿಂದ ಅವರನ್ನು ಯಾರೂ ಹೊರಗೆ ಹಾಕಲಿಲ್ಲ. ಸಿರುಗುಪ್ಪ ಕುರುಗೋಡುಗಳ ಕಡೆಯ ನಮ್ಮ ಮನೆಗಳಲ್ಲಿ, ಮುತ್ತಜ್ಜನು ದಂಡಿಗೆ ಹೋದವನು ತಿರಿಗಿ ಬರಲೇ ಇಲ್ಲವೆಂಬ ಮಾತು ಕೇಳಿಬರುವದುಂಟು. ಅಂಥವರಿಗೋಸ್ಕರ ಇದನ್ನು ಬರೆಯುತ್ತೇವೆ.

ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಕುಂಪಣಿಯವರ ಕೈಗೆ ಬಂದು, ಪಟ್ಟಣದಲ್ಲಿ ದೊಡ್ಡ ದಂಡು ಇಳಿಯಿತು. ಆ ದಂಡಿನಲ್ಲಿ ಒಬ್ಬ ಬಿಳೀ ಸೋಲ್ಜರನು ವಾಂತಿಭೇದಿಯಿಂದ ಸತ್ತರೆ, ಪಾದ್ರಿಯು ಹೂಳಿದವರ ಪುಸ್ತಕದಲ್ಲಿ ಅವನ ಹೆಸರು, ಪಲ್ಟಣ, ದಿವಸ ಇವುಗಳನ್ನು ಬರೆಯುವನು. ಅದರ ನಕಲು ಮದ್ರಾಸಿಗೂ ಅಲ್ಲಿಂದ ಲಂಡನ್ನಿಗೂ ಹೋಗುವದು. ಆ ನಕಲುಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಇರುವದರಿಂದ, ಇಂಗ್ಲೆಂಡಿನಲ್ಲಿರುವ ಮರಿಮಗನು ತನ್ನ ಹಿರಿಯನನ್ನು ಕೂತಲ್ಲಿಯೇ ಹುಡುಕಬಹುದು. ಮೊದಲನೆಯ ಮಹಾಯುದ್ಧದಲ್ಲಿ ತುರ್ಕಿಯ ಸೆರೆಯಾಳುಗಳನ್ನು ಬಳ್ಳಾರಿಯಲ್ಲಿ ಇಟ್ಟಿದ್ದರು. 1917ರಲ್ಲಿ ರೆಡ್ ಕ್ರಾಸಿನವರು ಜಿನೀವದಿಂದ ಬಂದು ಅವರನ್ನು ನೋಡಿಹೋದರು. ಪರದೇಶಸ್ಥನಾದ ಸೆರೆಯಾಳಿನ ವಿಷಯವಾಗಿಯೂ ಲೋಕವು ಇಷ್ಟು ವಿಚಾರಿಸಿತು.

ನಮ್ಮ ಸಿಪಾಯಿಯ ಗತಿಯೋ ಬೇರೆ. ಮೆಸಪೊಟೇಮಿಯದಲ್ಲಿ ಸತ್ತು, ಗೋರಿಯೂ ಗೊತ್ತಿಲ್ಲದ ನಾಲ್ವತ್ತು ಸಾವಿರಕ್ಕೂ ಮಿಕ್ಕಿದ ಜನರಿಗಾಗಿ ಬಸ್ರಾದಲ್ಲಿ 1929ರಲ್ಲಿ ಒಂದು ಸ್ಮಾರಕವನ್ನು ಪ್ರತಿಷ್ಠೆಮಾಡಿದರು. ಬಿಳಿಯರ ಹೆಸರುಗಳನ್ನು ಒಂದೊಂದಾಗಿ ಕೊರೆದರು. ಹಿಂದೂದೇಶದ ಅಧಿಕಾರಿಗಳ ಹೆಸರುಗಳನ್ನೂ ಕೊರೆದರು. ಸಿಪಾಯಿಗಳಿಗಾದರೋ ಪಲ್ಟಣದ ಹೆಸರಿನ ಕೆಳಗೆ ಇಷ್ಟು ಮಂದಿ ಎಂಬ ಸಂಖ್ಯೆ ಮಾತ್ರ. ಕಲ್ಲು ಸಾಲದೆ ಹೀಗಾಯಿತೆಂದು ನಾವು ನಂಬುವದಿಲ್ಲ. ಆ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಕಮಿಷನ್ನೇ 2021ರಲ್ಲಿ, ಇದು ಪಕ್ಷಪಾತವೆಂದು ಒಪ್ಪಿ ಕ್ಷಮೆ ಕೇಳಿತು. ಅರಣ್ಯಕಾಂಡದ ಮೊದಲನೆಯ ಅಧ್ಯಾಯದಲ್ಲಿ ಯುದ್ಧಕ್ಕೆ ಹೋಗತಕ್ಕವರನ್ನು ಎಣಿಸಿದಾಗ, ಮೋಶೆಯು ಮೊದಲು ಒಬ್ಬೊಬ್ಬನ ಹೆಸರನ್ನು ಹಿಡಿದು, ಆಮೇಲೆ 6,03,550 ಎಂಬ ಮೊತ್ತವನ್ನು ಹೇಳಿದನು. ಬಸ್ರಾದಲ್ಲಿ ಮೊತ್ತವು ಉಳಿದು ಹೆಸರು ಬಿದ್ದುಹೋಯಿತು. ದಾವೀದನ ಶೂರರ ಪಟ್ಟಿಯಲ್ಲಿಯಾದರೋ ಅನ್ಯಜನಾಂಗದವನಾದ ಊರೀಯನ ಹೆಸರು ಕಡೆಯಲ್ಲಿ ನಿಂತೇ ಇದೆ; ಅರಸನಿಗೆ ಅದು ಎಷ್ಟು ನಾಚಿಕೆಯಾದರೂ ಬರೆದವನು ಬಿಡಲಿಲ್ಲ.

ಆದರೆ ಕಲ್ಲಿನಲ್ಲಿ ಇಲ್ಲದ್ದು ಕಾಗದದಲ್ಲಿ ಉಂಟು. ಆ ಕಮಿಷನ್ನಿನ ದಾಖಲೆಯನ್ನು ಈಗ ಯಾರಾದರೂ ಕಾಸು ಕೊಡದೆ ಮೊಬೈಲಿನಲ್ಲಿಯೇ ನೋಡಬಹುದು. ಅನೇಕರ ಹೆಸರಿನ ಸಂಗಡ ತಂದೆಯ ಹೆಸರೂ ಊರೂ ಜಿಲ್ಲೆಯೂ ಬರೆದಿರುವವು. ಇಂಗ್ಲಿಷು ಗುಮಾಸ್ತರು ಬಳ್ಳಾರಿಯನ್ನು ಬೆಲ್ಲಾರಿಯೆಂದೂ ಕುರುಗೋಡನ್ನು ಕುರ್ಗೋಡೆಂದೂ ಬರೆದದ್ದುಂಟಾದಕಾರಣ, ಒಂದು ವಿಧವಾಗಿ ಹುಡುಕಿ ಸಿಕ್ಕಲಿಲ್ಲವೆಂದು ಬಿಡಬಾರದು. ಬಳ್ಳಾರಿಯು 1953ರ ಅಕ್ಟೋಬರ್ 1ರ ವರೆಗೆ ಮದ್ರಾಸಿಗೆ ಸೇರಿದ್ದದರಿಂದ, ಹಳೇ ಸರಕಾರೀ ದಪ್ತರಗಳನ್ನು ಬೆಂಗಳೂರಿಗಿಂತ ಮೊದಲು ಚೆನ್ನೈಯ ಎಗ್ಮೋರಿನಲ್ಲಿ ವಿಚಾರಿಸುವದು ಒಳ್ಳೇದು. ಹೋದವನು ಬಂದೂಕು ಹಿಡಿಯದೆ ಹೊರೆ ಹೊತ್ತವನೋ ಹೇಸರಕತ್ತೆ ಹೊಡೆದವನೋ ಆಗಿದ್ದರೆ ಕೂಲಿಪಲ್ಟಣಗಳ ಪಟ್ಟಿಯನ್ನೂ ನೋಡತಕ್ಕದ್ದು.

ನಮ್ಮವರಿಗೆ ಮಾತ್ರ ಇರುವ ತೊಡಕು ಇನ್ನೊಂದುಂಟು. ದುರುಗಪ್ಪನೆಂದು ಪಲ್ಟಣಕ್ಕೆ ಸೇರಿದವನು ಮನೆಯವರ ಬಾಯಲ್ಲಿ ದೇವಸಹಾಯನಾಗಿದ್ದರೆ, ದೇವಸಹಾಯನನ್ನು ಎಷ್ಟು ಹುಡುಕಿದರೂ ಸಿಕ್ಕಲಾರನು. ಆಗ ಸಭೆಯ ದೀಕ್ಷಾಸ್ನಾನದ ಪುಸ್ತಕವನ್ನು ತೆಗೆದು ಹಳೇ ಹೆಸರನ್ನು ನೋಡಬೇಕು. 1810ರಲ್ಲಿ ಹ್ಯಾಂಡ್ಸ್ ದೊರೆಯು ಬಳ್ಳಾರಿಯಲ್ಲಿ ಲಂಡನ್ ಮಿಷನ್ನನ್ನು ಸ್ಥಾಪಿಸಿದಂದಿನಿಂದ ನಮ್ಮವರು ಪುಸ್ತಕ ಇಡುವದರಲ್ಲಿ ಹಿಂದೆಬಿದ್ದವರಲ್ಲ. ಗೆದ್ದಲಿನ ಮಾತು ಬೇರೆ. ದಂಡಿನ ಕಾಗದದಲ್ಲಿ ಹಳೇ ಹೆಸರಿನ ಸಂಗಡ ಹಳೇ ಜಾತಿಯೂ ಬರೆದಿರಬಹುದು. ಅದನ್ನು ಕಂಡು ಕೆಲವರು ಕಾಗದವನ್ನು ಮಡಿಚಿಟ್ಟು, ಇವನು ನಮ್ಮವನಲ್ಲವೆನ್ನುವರು. ಸಹೋದರರೇ, ಹಾಗೆ ಮಾಡಬೇಡಿರಿ. ಸಮುದ್ರದಾಚೆ ಸತ್ತವನನ್ನು ಒಂದು ಸರಕಾರವು ಬರೀ ಅಂಕೆಯನ್ನಾಗಿ ಮಾಡಿತು. ಸಿಕ್ಕಿದ ಹೆಸರನ್ನು ಅವನ ಮೊಮ್ಮಕ್ಕಳೇ ಅಲ್ಲಗಳೆದರೆ ಅವನಿಗೆ ಯಾರುಂಟು?

ಕಡೆಗೆ ಒಂದು ಮಾತು. ಹಳೇ ಪೆಟ್ಟಿಗೆಯಲ್ಲಿ ಆ ಯುದ್ಧದ ಬೆಳ್ಳಿಯ ಪದಕವೇನಾದರೂ ಇದ್ದರೆ ಅಕ್ಕಸಾಲಿಗನಿಗೆ ಕೊಟ್ಟು ಕಾಲಕಡಗ ಮಾಡಿಸಬೇಡಿರಿ. ಅದರ ಅಂಚಿನಲ್ಲಿ ಸಣ್ಣ ಅಕ್ಷರಗಳಿಂದ ಅವನ ನಂಬರು, ಹೆಸರು, ಪಲ್ಟಣ ಒತ್ತಿರುವವು. ಮೆತ್ತಗಿನ ಬಟ್ಟೆಯಿಂದ ಒರಸಿ, ಇಂಗ್ಲಿಷು ಬಲ್ಲ ಹುಡುಗರ ಕೈಯಲ್ಲಿ ಓದಿಸಿ, ಒಂದು ಕಾಗದದ ಮೇಲೆ ಬರಕೊಳ್ಳಿರಿ.